ಮಗುವಿನ ವರ್ಷದ ಚೆಕಪ್: ಆಸ್ಪತ್ರೆಗೆ ಹೊರಡುವ ಮುಂಚೆ ಮನೆಯಲ್ಲಿ ಏನೇನು ಮಾಡಬೇಕು

ನನ್ನ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಒಂದು ದೂರು ಬಂತು. ಬೋರ್ಡ್ ನೋಡಿ ಬರೆಯುವುದಿಲ್ಲ, ಪಕ್ಕದವಳ ನೋಟ್‌ಬುಕ್ ನೋಡಿ ಬರೆಯುತ್ತಾಳೆ ಅಂತ. ಅವತ್ತು ನಾನೂ ಅವಳಿಗೆ ಬೈದೆ. ಎರಡು ತಿಂಗಳಾದ ಮೇಲೆ ಕೆಮ್ಮು ಅಂತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ಯಾಕೋ ಗೋಡೆಯ ಮೇಲಿದ್ದ ಕಣ್ಣಿನ ಚಾರ್ಟ್ ಓದಿಸಿದರು. ಮಗಳು ಮೇಲಿನ ಎರಡು ಸಾಲು ಓದಿ ಸುಮ್ಮನಾದಳು.

"ಟಿವಿ ಹತ್ತಿರ ಹೋಗಿ ಕೂತ್ಕೊಳ್ತಾಳಾ?" ಎಂದು ಕೇಳಿದರು. ಹೌದು ಅಂದೆ. "ತಲೆನೋವು ಅಂತಾಳಾ?" ಸಂಜೆ ಹೊತ್ತು ಆಗಾಗ ಅಂತಾಳೆ ಅಂದೆ. "ಎಷ್ಟು ದಿನದಿಂದ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲ್ಲವೂ ನನ್ನ ಕಣ್ಣ ಮುಂದೆಯೇ ನಡೆದಿತ್ತು. ಒಂದನ್ನು ಇನ್ನೊಂದಕ್ಕೆ ಸೇರಿಸಿ ನೋಡಿರಲಿಲ್ಲ ಅಷ್ಟೆ. ಮಗಳಿಗೆ ಸುಮ್ನೆ ಬೈದೆನಲ್ಲ ಅನ್ನುವ ಸಂಕಟ ಇವತ್ತಿಗೂ ಇದೆ.

ಅಂದಿನಿಂದ ನಮ್ಮ ಮನೆಯಲ್ಲಿ ವರ್ಷಕ್ಕೊಂದು ಸಲ ಇಬ್ಬರು ಮಕ್ಕಳಿಗೂ ಚೆಕಪ್ ಮಾಡಿಸುತ್ತೇವೆ. ಕಾಯಿಲೆ ಇರಲಿ, ಇಲ್ಲದಿರಲಿ. ನಾನು ಡಾಕ್ಟರಲ್ಲ, ಇಬ್ಬರು ಮಕ್ಕಳ ತಾಯಿ. ಇಷ್ಟು ವರ್ಷದಲ್ಲಿ ನನಗೆ ಚೆನ್ನಾಗಿ ಅರ್ಥವಾಗಿರುವುದು ಒಂದೇ. ಡಾಕ್ಟರು ನಮ್ಮ ಮಗುವನ್ನು ನೋಡುವುದು ಹತ್ತು ನಿಮಿಷ, ನಾವು ನೋಡುವುದು ವರ್ಷವಿಡೀ. ನಾವು ಮನೆಯಿಂದ ಏನು ಗಮನಿಸಿ ತೆಗೆದುಕೊಂಡು ಹೋಗುತ್ತೇವೋ ಅದರ ಮೇಲೆ ಆ ಹತ್ತು ನಿಮಿಷ ನಿಂತಿದೆ. ಹಾಗಾಗಿ ಈ ಲೇಖನದಲ್ಲಿ ಆಸ್ಪತ್ರೆಯ ಒಳಗಿನದಕ್ಕಿಂತ ಮನೆಯ ಒಳಗಿನ ಕೆಲಸವೇ ಜಾಸ್ತಿ.

ಯಾವಾಗ ಹೋಗುವುದು

ಐದು ವರ್ಷ ದಾಟಿದ ಮೇಲೆ ನಮ್ಮಲ್ಲಿ ಹೆಚ್ಚಿನವರು ಜ್ವರ, ನೆಗಡಿ ಬಂದಾಗ ಮಾತ್ರ ಮಕ್ಕಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ. ಜ್ವರ ಇರುವ ದಿನ ಡಾಕ್ಟರ ಗಮನವೆಲ್ಲ ಜ್ವರದ ಮೇಲೇ ಇರುತ್ತದೆ. ಎತ್ತರ, ಕಣ್ಣು, ಹಲ್ಲು ನೋಡಲು ಅವರಿಗೂ ಪುರುಸೊತ್ತಿಲ್ಲ, ಮಗುವಿಗೂ ತಾಳ್ಮೆ ಇರುವುದಿಲ್ಲ. ಮಗು ಆರಾಮಾಗಿ ಇರುವಾಗಲೇ ಹೋಗಬೇಕು.

ನನಗೆ ಅನುಕೂಲವಾಗಿ ಕಂಡಿದ್ದು ಮೇ ತಿಂಗಳ ಎರಡನೇ ಅರ್ಧ. ಶಾಲೆ ಶುರುವಾಗುವ ಮುಂಚೆ ಕನ್ನಡಕ ಬೇಕಿದ್ದರೆ ಮಾಡಿಸಬಹುದು, ಹಲ್ಲಿನ ಕೆಲಸ ಮುಗಿಸಬಹುದು. ಆಗ ಆಗದಿದ್ದರೆ ದಸರಾ ರಜೆ. ಮಗುವಿನ ಹುಟ್ಟಿದ ತಿಂಗಳು ಅಂತ ಇಟ್ಟುಕೊಂಡರೂ ನಡೆಯುತ್ತದೆ, ಮರೆಯುವುದಿಲ್ಲ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ "ಕಾಯಿಲೆ ಏನಿಲ್ಲ, ಪೂರ್ತಿ ಚೆಕಪ್ ಮಾಡಿಸಬೇಕು, ಸ್ವಲ್ಪ ಸಮಯ ಬೇಕು" ಎಂದು ಹೇಳಿ. ಸೋಮವಾರ ಬೆಳಗ್ಗೆ ಓಪಿಡಿಯಲ್ಲಿ ನೂಕುನುಗ್ಗಲು ಇರುತ್ತದೆ, ವಾರದ ಮಧ್ಯೆ ಹೋಗಿ.

ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಇನ್ನೊಂದು ದಾರಿ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಡಾಕ್ಟರು, ನರ್ಸ್ ಇರುವ ತಂಡ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ವರ್ಷಕ್ಕೆರಡು ಸಲ ಬರುತ್ತದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳು ಇದರಲ್ಲಿ ಸೇರುತ್ತಾರೆ. ತೊಂದರೆ ಕಂಡರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದು ಕೊಡುತ್ತಾರೆ, ಮುಂದಿನ ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ. ಈ ಚೀಟಿಗಳು ಎಷ್ಟೋ ಸಲ ಮಕ್ಕಳ ಬ್ಯಾಗಿನ ತಳದಲ್ಲೇ ಮುದುಡಿಕೊಂಡು ಉಳಿದುಬಿಡುತ್ತವೆ. ತಂಡ ಯಾವ ದಿನ ಬರುತ್ತದೆ ಎಂದು ಟೀಚರನ್ನು ಕೇಳಿ ಇಟ್ಟುಕೊಳ್ಳಿ. ಅವತ್ತು ಸಂಜೆ ಬ್ಯಾಗ್ ನೋಡಿ.

ಎರಡು ವಾರ ಮುಂಚೆ: ಗಮನಿಸಿ, ಬರೆಯಿರಿ

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಮಗುವಿನ ಹೆಸರು ಬರೆದು ಅದಕ್ಕೇ ಅಂತ ಇಡಿ. ಚೆಕಪ್‌ಗೆ ಎರಡು ವಾರ ಇರುವಾಗ ಗಮನಿಸಲು ಶುರು ಮಾಡಿ.

ಮೊದಲು ಎತ್ತರ. ಗೋಡೆಗೆ ಹಿಮ್ಮಡಿ ತಾಗಿಸಿ ಬರಿಗಾಲಲ್ಲಿ ನಿಲ್ಲಿಸಿ, ತಲೆಯ ಮೇಲೆ ಒಂದು ದಪ್ಪ ಪುಸ್ತಕ ಅಡ್ಡ ಇಟ್ಟು ಪೆನ್ಸಿಲಿನಲ್ಲಿ ಗುರುತು ಮಾಡಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಶಾಲೆಗೆ ಹೋಗುವ ವಯಸ್ಸಿನ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೆಯುತ್ತದೆ. ಎರಡು ಗುರುತಿನ ನಡುವೆ ಒಂದು ವರ್ಷಕ್ಕೆ 4 ಸೆಂಟಿಮೀಟರೂ ಇಲ್ಲ ಅಂದರೆ ಡಾಕ್ಟರಿಗೆ ತಪ್ಪದೆ ಹೇಳಿ. ಪಕ್ಕದ ಮನೆ ಹುಡುಗನ ಜೊತೆ ಹೋಲಿಸಬೇಡಿ. ಅಪ್ಪ ಅಮ್ಮ ಕುಳ್ಳಗಿದ್ದರೆ ಮಗುವೂ ಸ್ವಲ್ಪ ಕುಳ್ಳಗೇ ಇರಬಹುದು. ಆದರೆ ತನ್ನದೇ ದಾರಿಯಲ್ಲಿ ಬೆಳೆಯುತ್ತಾ ಹೋಗಬೇಕು, ನಿಲ್ಲಬಾರದು. ಡಾಕ್ಟರು ಬೆಳವಣಿಗೆಯ ಚಾರ್ಟಿನಲ್ಲಿ ನೋಡುವುದೂ ಇದನ್ನೇ. ಅವರ ಹತ್ತಿರ ಇವತ್ತಿನ ಅಳತೆ ಮಾತ್ರ ಇರುತ್ತದೆ. ಹೋದ ವರ್ಷದ್ದು ನಿಮ್ಮ ಗೋಡೆಯ ಮೇಲಿದೆ.

ಆಮೇಲೆ ಕಣ್ಣು. ಇದನ್ನು ನಾನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಮಗುವಿಗೆ ತನ್ನ ಕಣ್ಣು ಮಂಜಾಗಿದೆ ಎಂದು ಗೊತ್ತಾಗುವುದಿಲ್ಲ. ಎಲ್ಲರಿಗೂ ಜಗತ್ತು ಹೀಗೇ ಕಾಣುತ್ತದೆ ಅಂದುಕೊಂಡಿರುತ್ತದೆ. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಮಂಜಾಗಿದ್ದರಂತೂ ಯಾರಿಗೂ ಸುಳಿವು ಸಿಗುವುದಿಲ್ಲ, ಯಾಕೆಂದರೆ ಒಳ್ಳೆಯ ಕಣ್ಣೇ ಎಲ್ಲ ಕೆಲಸ ಮಾಡುತ್ತಿರುತ್ತದೆ. ಹಾಗೇ ಬಿಟ್ಟರೆ ಆ ಮಂಜು ಕಣ್ಣನ್ನು ಮೆದುಳು ಬಳಸುವುದನ್ನೇ ಕಡಿಮೆ ಮಾಡುತ್ತದೆ. ಚಿಕ್ಕ ವಯಸ್ಸಿನಲ್ಲೇ ಹಿಡಿದರೆ ಸರಿಪಡಿಸುವುದು ಸುಲಭ, ದೊಡ್ಡವರಾದ ಮೇಲೆ ಕಷ್ಟ. ಮನೆಯಲ್ಲಿ ಗೋಡೆ ಕ್ಯಾಲೆಂಡರ್ ಇದ್ದೇ ಇರುತ್ತದೆ ಅಲ್ವಾ? ನಡುಮನೆಯ ಆ ತುದಿಯಲ್ಲಿ ಮಗುವನ್ನು ನಿಲ್ಲಿಸಿ, ಅಂಗೈಯಿಂದ ಒಂದು ಕಣ್ಣು ಮುಚ್ಚಿಸಿ, ತಾರೀಕುಗಳನ್ನು ಓದಿಸಿ. ಮತ್ತೆ ಇನ್ನೊಂದು ಕಣ್ಣು. ಎರಡರ ನಡುವೆ ವ್ಯತ್ಯಾಸ ಕಂಡರೆ ಬರೆದುಕೊಳ್ಳಿ. ಇದು ಪರೀಕ್ಷೆಗೆ ಬದಲಿ ಆಗುವುದಿಲ್ಲ. ಡಾಕ್ಟರು 6 ಮೀಟರ್ ದೂರದಿಂದ ಚಾರ್ಟ್ ಓದಿಸಿ ಸರಿಯಾಗಿ ನೋಡುತ್ತಾರೆ. ಆದರೆ ಕಣ್ಣು ಕಿರಿದು ಮಾಡಿ ನೋಡುವುದು, ತಲೆ ಓರೆ ಮಾಡುವುದು, ಪುಸ್ತಕಕ್ಕೆ ಮೂಗು ತಾಗಿಸುವುದು, ಸುಸ್ತಾದಾಗ ಒಂದು ಕಣ್ಣು ಸ್ವಲ್ಪ ಪಕ್ಕಕ್ಕೆ ಸರಿಯುವುದು, ಇವೆಲ್ಲ ಮನೆಯಲ್ಲಿ ಮಾತ್ರ ಕಾಣುತ್ತವೆ. ಮೆಳ್ಳೆಗಣ್ಣು ಅದೃಷ್ಟ ಎಂದು ಹೇಳುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಮೇಲೆ ಗೌರವ ಇಟ್ಟುಕೊಂಡೇ, ಮಗುವನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ.

ಕಿವಿಗೂ ಹೀಗೇ. ಕರೆದರೆ ತಿರುಗುವುದಿಲ್ಲ, "ಹಾಂ?" ಎಂದು ಮತ್ತೆ ಮತ್ತೆ ಕೇಳುತ್ತದೆ, ಟಿವಿ ಸೌಂಡ್ ಜೋರು ಮಾಡುತ್ತದೆ. ನಾವು ಅದನ್ನು ಹಟ, ಅಲಕ್ಷ್ಯ ಅಂದುಕೊಳ್ಳುತ್ತೇವೆ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯ ಒಳಗೆ ನೀರಿನಂಥ ದ್ರವ ನಿಂತು, ನೋವೇ ಇಲ್ಲದೆ ಕೇಳುವುದು ಕಡಿಮೆಯಾಗುವುದುಂಟು. ಕಿವಿ ಸೋರುತ್ತಿದ್ದರೆ ಎಷ್ಟು ಸಲ ಸೋರಿತು ಎಂದು ಬರೆದಿಡಿ. ಕಿವಿಗೆ ಬಿಸಿ ಎಣ್ಣೆ ಬಿಡುವುದು, ಹೇರ್‌ಪಿನ್ ಹಾಕಿ ಗುಗ್ಗೆ ತೆಗೆಯುವುದು ಬೇಡವೇ ಬೇಡ. ಮಾತು ಅಸ್ಪಷ್ಟ, ತೊದಲು, ಕೇಳುವುದರ ಬಗ್ಗೆ ಅನುಮಾನ ಇದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 1965ರಿಂದ ಇದೇ ಕೆಲಸ ಮಾಡುತ್ತಿರುವ ಸಂಸ್ಥೆ. ನಮ್ಮ ರಾಜ್ಯದಲ್ಲೇ ಇದ್ದರೂ ಎಷ್ಟೋ ಜನರಿಗೆ ಗೊತ್ತಿಲ್ಲ.

ನಿದ್ದೆ ನೋಡಿ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಎಷ್ಟು ಹೊತ್ತಿಗೆ ಮಲಗುತ್ತದೆ, ಬಾಯಿ ತೆರೆದು ಮಲಗುತ್ತದೆಯಾ, ದಿನಾ ಗೊರಕೆ ಹೊಡೆಯುತ್ತದೆಯಾ, ರಾತ್ರಿ ಕೆಮ್ಮುತ್ತದೆಯಾ? ಮಗು ಗೊರಕೆ ಹೊಡೆದರೆ ನಾವು ನಗುತ್ತೇವೆ. ದಿನಾ ಹೊಡೆದರೆ ಮೂಗಿನ ಹಿಂದಿನ ಗ್ರಂಥಿ ಊದಿರಬಹುದು. ರಾತ್ರಿ ಕೆಮ್ಮು, ಆಡುವಾಗ ಎದೆಯಲ್ಲಿ ಸುಯ್ ಸದ್ದು ಇದ್ದರೆ ಅಸ್ತಮಾ ಇರಬಹುದು. ನಾನು ಒಂದು ರಾತ್ರಿ ಮಗನ ಉಸಿರಾಟವನ್ನು ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡಿಕೊಂಡು ಹೋಗಿ ತೋರಿಸಿದೆ. ನಾನು ಬಾಯಲ್ಲಿ ಎಷ್ಟು ವಿವರಿಸಿದ್ದರೂ ಅಷ್ಟು ಸ್ಪಷ್ಟವಾಗುತ್ತಿರಲಿಲ್ಲ.

ಊಟದ ಬಗ್ಗೆ ಡಾಕ್ಟರು ಕೇಳಿದಾಗ "ಏನೂ ತಿನ್ನಲ್ಲ ಡಾಕ್ಟ್ರೇ" ಅನ್ನುವುದು ನಮ್ಮೆಲ್ಲರ ಬಾಯಿಪಾಠ. ಅದರಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಮೂರು ದಿನ ಮಗು ನಿಜವಾಗಿ ತಿಂದದ್ದನ್ನು ಬರೆಯಿರಿ. ಅಜ್ಜಿ ಕೊಟ್ಟ ಬಿಸ್ಕತ್ತು, ಅಂಗಡಿಯ ಕುರುಕುಲು, ಶಾಲೆಯ ಬಿಸಿಯೂಟ, ಅಲ್ಲಿ ಕೊಡುವ ಹಾಲು, ಮೊಟ್ಟೆ ಎಲ್ಲವೂ ಸೇರಲಿ. ನಾನು ಬರೆದಾಗ ಗೊತ್ತಾಯಿತು, ನನ್ನ ಮಗ ಊಟ ಬಿಡುತ್ತಿದ್ದುದಕ್ಕೆ ಕಾರಣ ನಾಲ್ಕು ಗಂಟೆಗೆ ತಿನ್ನುತ್ತಿದ್ದ ಅರ್ಧ ಪ್ಯಾಕೆಟ್ ಬಿಸ್ಕತ್ತು ಅಂತ. ಮಲವಿಸರ್ಜನೆಯದ್ದೂ ಬರೆಯಿರಿ. ಶಾಲೆಯ ಶೌಚಾಲಯಕ್ಕೆ ಹೋಗಲು ಹಿಂಜರಿದು ತಡೆದುಕೊಳ್ಳುವ ಮಕ್ಕಳು ಬಹಳ. ಅದಕ್ಕಾಗಿ ನೀರೂ ಕುಡಿಯುವುದಿಲ್ಲ. ಆಮೇಲೆ ಹೊಟ್ಟೆನೋವು, ಉರಿಮೂತ್ರ. ನೀರಿನ ಬಾಟಲಿ ಸಂಜೆ ತುಂಬಿಯೇ ವಾಪಸ್ ಬರುತ್ತಿದ್ದರೆ ಅದೂ ಒಂದು ಸುಳಿವು.

ಹಲ್ಲಿನ ಬಗ್ಗೆ ಒಂದೇ ಒಂದು ವಿಷಯ ನೆನಪಿಡಿ. ಆರು ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಹೊಸ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲು ಅಂದುಕೊಂಡು, ಹುಳುಕು ಹಿಡಿದರೆ "ಬಿದ್ದು ಹೋಗುತ್ತೆ ಬಿಡಿ" ಅನ್ನುತ್ತೇವೆ. ಅದು ಬೀಳುವ ಹಲ್ಲಲ್ಲ. ಜೀವನಪೂರ್ತಿ ಇರಬೇಕಾದ್ದು. ಟಾರ್ಚ್ ಹಿಡಿದು ಒಳಗೆ ನೋಡಿ, ಕಪ್ಪು ಚುಕ್ಕೆ ಕಂಡರೆ ಹಲ್ಲಿನ ಡಾಕ್ಟರಿಗೆ ಬೇರೆಯಾಗಿ ತೋರಿಸಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅಲ್ಲಿನ ಮಕ್ಕಳ ಹಲ್ಲಿನಲ್ಲಿ ಬಿಳಿ ಅಥವಾ ಕಂದು ಪಟ್ಟೆ ಕಾಣುತ್ತವೆ. ಅದು ಹಲ್ಲು ಉಜ್ಜದ್ದಕ್ಕೆ ಬಂದ ಕೊಳೆ ಎಂದು ಮಗುವನ್ನು ಗದರಬೇಡಿ. ಯಾವ ನೀರು ಕುಡಿಯುತ್ತೀರಿ ಎಂದು ಡಾಕ್ಟರಿಗೆ ಹೇಳಿ.

ಕೊನೆಗೆ ಮನಸ್ಸು. ಭಾನುವಾರ ಸಂಜೆಯಿಂದಲೇ ಹೊಟ್ಟೆನೋವು ಶುರುವಾಗಿ, ಶಾಲೆ ತಪ್ಪಿದ ಕೂಡಲೇ ಮಾಯವಾಗುತ್ತದೆಯಾ? ಮೊದಲು ಮಾತಾಡುತ್ತಿದ್ದ ಮಗು ಈಗ ಸುಮ್ಮನಿರುತ್ತದೆಯಾ? ಅಕ್ಷರ ತಿರುಗಾಮುರುಗ ಬರೆಯುತ್ತದೆಯಾ? ನೆಪ, ಸೋಮಾರಿತನ ಎಂದು ತೀರ್ಮಾನ ಮಾಡುವ ಮುಂಚೆ ಡಾಕ್ಟರ ಮುಂದೆ ಇಡಿ. ಓದಿನಲ್ಲಿ ಹಿಂದಿರುವ ಮಗುವಿಗೆ ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಬೇಕು, ಟ್ಯೂಷನ್ ಆಮೇಲೆ. ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕೆಲವಕ್ಕೆ ಚೆಕಪ್ ದಿನದವರೆಗೆ ಕಾಯಬಾರದು. ಮಗು ಇದ್ದಕ್ಕಿದ್ದಂತೆ ತುಂಬಾ ನೀರು ಕುಡಿಯುತ್ತಿದೆ, ಪದೇ ಪದೇ ಮೂತ್ರಕ್ಕೆ ಹೋಗುತ್ತಿದೆ, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿದೆ, ಇಳಿದು ಹೋಗುತ್ತಿದೆ ಅಂದರೆ ಅವತ್ತೇ ಆಸ್ಪತ್ರೆಗೆ ಹೋಗಿ ಸಕ್ಕರೆ ಪರೀಕ್ಷೆ ಮಾಡಿಸಿ. ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆ, ತಡವಾದರೆ ಜೀವಕ್ಕೇ ಅಪಾಯ. ಓಡುವಾಗ ತಲೆಸುತ್ತಿ ಬಿದ್ದರೂ ಹಾಗೇ, ತಕ್ಷಣ ತೋರಿಸಬೇಕು.

ಕಾಗದಪತ್ರ

ತಾಯಿ ಕಾರ್ಡ್ ಹುಡುಕಿ. ಹೆರಿಗೆಯ ಕಾಲದ ಆ ಕಾರ್ಡಿನಲ್ಲಿ ಹುಟ್ಟಿದಾಗಿನ ತೂಕ, ಹಾಕಿಸಿದ ಲಸಿಕೆ ಎಲ್ಲ ಇರುತ್ತದೆ. ಶಾಲೆಗೆ ಸೇರಿಸಿದ ಮೇಲೆ ಅದು ಬೀರುವಿನ ಯಾವುದೋ ಮೂಲೆ ಸೇರಿರುತ್ತದೆ. ಸಿಕ್ಕಿದ ಕೂಡಲೇ ಎರಡೂ ಕಡೆ ಫೋಟೊ ತೆಗೆದು ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಕಳೆದೇ ಹೋಗಿದ್ದರೆ ನಿಮ್ಮ ಆಶಾ ಕಾರ್ಯಕರ್ತೆಯನ್ನು ಅಥವಾ ಲಸಿಕೆ ಹಾಕಿಸಿದ ಆರೋಗ್ಯ ಕೇಂದ್ರದ ಸಿಸ್ಟರನ್ನು ಕೇಳಿ, ಅವರ ದಾಖಲೆಯಲ್ಲಿ ಇರಬಹುದು.

ಹಳೆಯ ಚೀಟಿಗಳಲ್ಲಿ ಎಲ್ಲವನ್ನೂ ಹೊತ್ತುಕೊಂಡು ಹೋಗುವುದು ಬೇಡ. ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ ಡಿಸ್ಚಾರ್ಜ್ ಕಾಗದ, ಆಪರೇಷನ್ ಆಗಿದ್ದರೆ ಅದರ ವಿವರ, ಹಿಂದಿನ ರಕ್ತಪರೀಕ್ಷೆ, ಯಾವ ಔಷಧಿಗೆ ಮೈಮೇಲೆ ಗಂಧೆ ಎದ್ದಿತ್ತು ಎನ್ನುವುದು, ಇಷ್ಟು ಸಾಕು. ಈಗ ಕೊಡುತ್ತಿರುವ ಔಷಧಿಯ ಬಾಟಲಿ, ಮಾತ್ರೆಯ ಪಟ್ಟಿ ತೆಗೆದುಕೊಂಡೇ ಹೋಗಿ. ಕಷಾಯ, ಆಯುರ್ವೇದದ ಲೇಹ್ಯ, ಹೋಮಿಯೋಪತಿ ಗುಳಿಗೆ ಕೊಡುತ್ತಿದ್ದರೆ ಮುಚ್ಚಿಡಬೇಡಿ. ಸರ್ಕಾರಿ ಆಸ್ಪತ್ರೆಗೆ ಹೋಗುವವರು ರೇಷನ್ ಕಾರ್ಡ್, ಆಧಾರ್ ಜೊತೆಗಿಟ್ಟುಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಬೇಕಾಗುತ್ತವೆ.

ಮನೆತನದ ವಿಷಯವೂ ಬರೆದುಕೊಳ್ಳಿ. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್, ಅಸ್ತಮಾ, ಮೂರ್ಛೆ, ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆದವರು ಯಾರಾದರೂ ಇದ್ದಾರಾ? ನಮ್ಮ ಕಡೆ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ಹೊಸದಲ್ಲ. ಡಾಕ್ಟರು "ಸಂಬಂಧದಲ್ಲಿ ಮದುವೆಯಾ?" ಎಂದು ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಕೆಲವು ವಂಶಪಾರಂಪರ್ಯ ಕಾಯಿಲೆಗಳ ಸಾಧ್ಯತೆ ಅಂಥ ಮನೆಗಳಲ್ಲಿ ಸ್ವಲ್ಪ ಹೆಚ್ಚು. ಅದಕ್ಕೆ ಕೇಳುತ್ತಾರೆ.

ಲಸಿಕೆ ಲೆಕ್ಕ

ಲಸಿಕೆ ಅಂದರೆ ಕೈಗೂಸುಗಳಿಗೆ ಮಾತ್ರ ಅನ್ನುವ ಭಾವನೆ ಇದೆ. ಸರ್ಕಾರದ ಪಟ್ಟಿಯಲ್ಲೇ 5ರಿಂದ 6 ವರ್ಷದೊಳಗೆ ಡಿಪಿಟಿ ಎರಡನೇ ಬೂಸ್ಟರ್, 10 ವರ್ಷಕ್ಕೆ ಒಂದು ಮತ್ತು 16 ವರ್ಷಕ್ಕೆ ಒಂದು ಟಿಡಿ ಇದೆ. ಧನುರ್ವಾಯು, ಗಂಟಲಮಾರಿಯಿಂದ ಕಾಪಾಡುವ ಚುಚ್ಚುಮದ್ದು ಇದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಹಲವು ಕಡೆ ಗುರುವಾರ ಲಸಿಕೆ ದಿನ, ನಿಮ್ಮೂರಲ್ಲಿ ಯಾವತ್ತು ಎಂದು ವಿಚಾರಿಸಿ. ಹೆಚ್ಚಾಗಿ ತಪ್ಪಿಹೋಗುವುದು ಈ ಮೂರೇ.

ಮಕ್ಕಳ ಡಾಕ್ಟರು ಇದರ ಮೇಲೆ ಟೈಫಾಯ್ಡ್, ಸಿಡುಬಿನಂಥ ಗುಳ್ಳೆ ಬರುವ ಚಿಕನ್‌ಪಾಕ್ಸ್, ಹೆಪಟೈಟಿಸ್ ಎ ಲಸಿಕೆಗಳನ್ನು ಹೇಳಬಹುದು. ಹೆಣ್ಣುಮಕ್ಕಳಿಗೆ 9ರಿಂದ 14 ವರ್ಷದೊಳಗೆ ಎಚ್‌ಪಿವಿ ಲಸಿಕೆ ಹಾಕಿಸಿದರೆ ಮುಂದೆ ಗರ್ಭಕಂಠದ ಕ್ಯಾನ್ಸರ್‌ನಿಂದ ರಕ್ಷಣೆ ಸಿಗುತ್ತದೆ. ಖಾಸಗಿಯಲ್ಲಿ ದುಬಾರಿ, ಬೆಲೆ ಮೊದಲೇ ಕೇಳಿಕೊಳ್ಳಿ. ಸ್ವಲ್ಪ ನೆಗಡಿ ಇದೆ ಎಂದು ಲಸಿಕೆ ಮುಂದೂಡಬೇಕಿಲ್ಲ. ಜಾಸ್ತಿ ಜ್ವರ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ ನಿರ್ಧಾರ ಮಾಡಿ.

ಶಾಲೆಯಲ್ಲಿ ಕೊಡುವ ಮಾತ್ರೆಗಳ ಲೆಕ್ಕವೂ ಇರಲಿ. ಜಂತುಹುಳುವಿನ ಆಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆಯನ್ನು ವರ್ಷಕ್ಕೆ ಎರಡು ಸಲ ಕೊಡುತ್ತಾರೆ. ಚಿಕ್ಕ ಮಕ್ಕಳಿಗೆ ಗುಲಾಬಿ, 10 ದಾಟಿದವರಿಗೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ವಾರಕ್ಕೊಂದು. ಕೊನೆಯ ಸಲ ಯಾವಾಗ ತೆಗೆದುಕೊಂಡರು ಎಂದು ಗೊತ್ತಿದ್ದರೆ ಡಾಕ್ಟರು ಅದನ್ನೇ ಮತ್ತೆ ಬರೆಯುವುದು ತಪ್ಪುತ್ತದೆ.

ಮಗುವಿನ ಜೊತೆ ಮಾತು

ಇಷ್ಟೆಲ್ಲ ಸಿದ್ಧತೆ ಮಾಡಿ, ಯಾರ ಮೈ ಪರೀಕ್ಷೆ ಆಗುತ್ತದೋ ಆ ಮಗುವಿಗೆ ಏನೂ ಹೇಳದೆ "ಬಾ, ಪೇಟೆಗೆ ಹೋಗಿ ಬರೋಣ" ಎಂದು ಕರೆದುಕೊಂಡು ಹೋಗುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಸಲ ಮೋಸ ಹೋದ ಮಗು ಮುಂದಿನ ಸಲ ಆಸ್ಪತ್ರೆಯ ಗೇಟ್ ಕಂಡರೇ ಅಳುತ್ತದೆ.

ಅದಕ್ಕೂ ಮುಂಚೆ ಒಂದು ಅಭ್ಯಾಸ ಬಿಡಬೇಕು. "ಊಟ ಮಾಡದಿದ್ರೆ ಡಾಕ್ಟ್ರ ಹತ್ರ ಹೇಳಿ ಸೂಜಿ ಚುಚ್ಚಿಸ್ತೀನಿ." ನಮ್ಮ ಮನೆಗಳಲ್ಲಿ ಪೊಲೀಸು, ಗುಮ್ಮ, ಡಾಕ್ಟರು ಮೂರೂ ಒಂದೇ ಸಾಲಿನಲ್ಲಿ ಬರುತ್ತಾರೆ. ವರ್ಷವೆಲ್ಲ ಹೀಗೆ ಹೆದರಿಸಿ, ಒಂದು ದಿನ "ಡಾಕ್ಟ್ರು ಒಳ್ಳೆಯವರು, ಹೆದರ್ಬೇಡ" ಅಂದರೆ ಮಗು ಯಾವುದನ್ನು ನಂಬಬೇಕು?

ಎರಡು ಮೂರು ದಿನ ಮುಂಚೆ ನೇರವಾಗಿ ಹೇಳಿ. "ಶುಕ್ರವಾರ ಡಾಕ್ಟರ ಹತ್ತಿರ ಹೋಗ್ತೀವಿ. ನಿನಗೆ ಹುಷಾರಿಲ್ಲ ಅಂತಲ್ಲ. ಎಷ್ಟು ಎತ್ತರ ಆಗಿದೀಯ, ಕಣ್ಣು ಚೆನ್ನಾಗಿ ಕಾಣುತ್ತಾ ಅಂತ ನೋಡ್ತಾರೆ." ಇಂಜೆಕ್ಷನ್ ಇದೆಯಾ ಎಂದು ಕೇಳಿದರೆ ನಿಜ ಹೇಳಿ. ಇದ್ದರೆ ಇದೆ ಅನ್ನಿ, ಇರುವೆ ಕಚ್ಚಿದ ಹಾಗೆ ಸ್ವಲ್ಪ ನೋಯುತ್ತೆ, ಬೇಗ ಮುಗಿಯುತ್ತೆ ಅನ್ನಿ. ಗೊತ್ತಿಲ್ಲದಿದ್ದರೆ "ನನಗೂ ಗೊತ್ತಿಲ್ಲ, ಇದ್ದರೆ ಮೊದಲೇ ನಿನಗೆ ಹೇಳಿಸ್ತೀನಿ" ಅನ್ನಿ. "ಸೂಜಿ ಇಲ್ಲವೇ ಇಲ್ಲ" ಎಂದು ಮಾತ್ರ ಹೇಳಬೇಡಿ. ಚುಚ್ಚುವಾಗ ಎಣಿಸುವುದು, ಜೋರಾಗಿ ಉಸಿರು ಊದುವುದು ಮನೆಯಲ್ಲೇ ಅಭ್ಯಾಸ ಮಾಡಿಸಿ. ನನ್ನ ಮಗ ಹಿಮ್ಮುಖವಾಗಿ ಇಪ್ಪತ್ತರಿಂದ ಎಣಿಸುತ್ತಾನೆ, ಹದಿನಾರಕ್ಕೆ ಬರುವಷ್ಟರಲ್ಲಿ ಮುಗಿದಿರುತ್ತದೆ.

ಡಾಕ್ಟರು ಬಟ್ಟೆ ಸರಿಸಿ ನೋಡಬಹುದು ಎನ್ನುವುದನ್ನೂ ಹೇಳಬೇಕು. ಗಂಡುಮಕ್ಕಳ ಬೀಜಗಳು ಚೀಲಕ್ಕೆ ಇಳಿದಿವೆಯಾ ಎಂದು ನೋಡುವುದು ಪರೀಕ್ಷೆಯ ಭಾಗ. "ನಿನ್ನ ಖಾಸಗಿ ಜಾಗವನ್ನು ಡಾಕ್ಟರು ನೋಡುವುದು ಅಮ್ಮ ಅಥವಾ ಅಪ್ಪ ಜೊತೆಗಿರುವಾಗ, ನಿನ್ನನ್ನು ಕೇಳಿ, ಆರೋಗ್ಯಕ್ಕಾಗಿ ಮಾತ್ರ. ಬೇರೆ ಯಾರಾದರೂ ಮುಟ್ಟಿದರೆ ನನಗೆ ಹೇಳು." ಇಷ್ಟು ಹೇಳಲು ಒಂದು ನಿಮಿಷ ಸಾಕು. ಈ ಮಾತು ಆಡಲು ಸಂಕೋಚವಾಗುತ್ತದೆ ಎಂದು ನನಗೆ ಗೊತ್ತು. ನನಗೂ ಆಯಿತು. ಆದರೂ ಆಡಿ.

ಹತ್ತು ದಾಟಿದ ಹೆಣ್ಣುಮಗಳಾದರೆ ಮುಟ್ಟಿನ ಬಗ್ಗೆ ಕೇಳುತ್ತಾರೆ ಎಂದು ಮೊದಲೇ ತಿಳಿಸಿ. ಅಪ್ಪನ ಮುಂದೆ ಮಾತಾಡಲು ಅವಳಿಗೆ ಮುಜುಗರವಾದರೆ ಅಪ್ಪ ಆ ಹೊತ್ತು ಹೊರಗಿರಲಿ. 8 ವರ್ಷಕ್ಕೂ ಮುಂಚೆ ಹುಡುಗಿಯಲ್ಲಿ, 9ಕ್ಕೂ ಮುಂಚೆ ಹುಡುಗನಲ್ಲಿ ಪ್ರಾಯದ ಲಕ್ಷಣ ಕಂಡರೆ ಅದನ್ನು ಬೇಗ ತೋರಿಸಬೇಕು. ಇನ್ನು ಹಾಸಿಗೆ ಒದ್ದೆ ಮಾಡುವುದನ್ನು ಮಗುವಿನ ಎದುರೇ ಎಲ್ಲರಿಗೂ ಕೇಳುವ ಹಾಗೆ ಹೇಳಬೇಡಿ. ಒಂದು ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ.

ಕೊನೆಯಲ್ಲಿ ಕೇಳಿ: "ನಿನಗೆ ಡಾಕ್ಟರನ್ನು ಏನಾದರೂ ಕೇಳಬೇಕಾ?" ಆ ಪ್ರಶ್ನೆಯನ್ನು ಮಗುವಿನ ಕೈಯಲ್ಲೇ ನೋಟ್‌ಬುಕ್‌ನಲ್ಲಿ ಬರೆಸಿ. ನನ್ನ ಮಗಳು ಹೋದ ವರ್ಷ ಬರೆದಿದ್ದು "ಬಸ್ಸಿನಲ್ಲಿ ಯಾಕೆ ವಾಂತಿ ಬರುತ್ತೆ?" ಅವಳು ಅದಕ್ಕಾಗಿ ಶಾಲೆಯ ಪ್ರವಾಸವನ್ನೇ ಬೇಡ ಅಂದಿದ್ದಳು. ಕಾರಣ ನನಗೆ ಗೊತ್ತಾಗಿದ್ದು ಆ ಸಾಲು ಓದಿದಾಗ.

ಹೊರಡುವ ದಿನ

ತಿಂಡಿ ತಿನ್ನಿಸಿ ಕರೆದುಕೊಂಡು ಹೋಗಿ. ಡಾಕ್ಟರು ಮೊದಲೇ ಹೇಳಿಲ್ಲದಿದ್ದರೆ ಖಾಲಿ ಹೊಟ್ಟೆ ಬೇಕಿಲ್ಲ. ಹಸಿದ ಮಗು ಯಾವುದಕ್ಕೂ ಸಹಕರಿಸುವುದಿಲ್ಲ. ಬಿಚ್ಚಲು ಸುಲಭವಾದ ಬಟ್ಟೆ ಹಾಕಿ. ಹೆಣ್ಣುಮಕ್ಕಳಿಗೆ ನೆತ್ತಿಯ ಮೇಲೆ ಜುಟ್ಟು ಕಟ್ಟಬೇಡಿ, ಎತ್ತರದ ಅಳತೆ ತಪ್ಪಾಗುತ್ತದೆ. ಉಗುರಿಗೆ ಬಣ್ಣ ಇದ್ದರೆ ಅಳಿಸಿ, ರಕ್ತ ಕಡಿಮೆ ಇದೆಯಾ ಎಂದು ಉಗುರಿನಲ್ಲೂ ನೋಡುತ್ತಾರೆ. ಕನ್ನಡಕ ಇದ್ದರೆ ಮರೆಯಬೇಡಿ. ಹೊರಡುವ ಮುಂಚೆ ಮೂತ್ರ ಮಾಡಿಸಿಯೇ ಹೊರಟರೂ ಕುಡಿಯಲು ನೀರು ಜೊತೆಗಿರಲಿ, ಮೂತ್ರದ ಪರೀಕ್ಷೆ ಕೇಳಿದರೆ ಅಲ್ಲಿ ಒದ್ದಾಡಬಾರದು. ಕಾಯುವ ಹೊತ್ತಿಗೆ ಒಂದು ಕಥೆ ಪುಸ್ತಕ, ಬಣ್ಣದ ಪೆನ್ಸಿಲ್.

ಮೆಟ್ಟಿಲು ಹತ್ತಿಸಿಕೊಂಡು ಓಡಿಬಂದ ಕೂಡಲೇ ಬಿಪಿ ನೋಡಿದರೆ ಜಾಸ್ತಿ ತೋರಿಸುತ್ತದೆ. ಐದು ನಿಮಿಷ ಸುಮ್ಮನೆ ಕೂರಿಸಿ. ಮಕ್ಕಳಿಗೆ ಮಕ್ಕಳ ಅಳತೆಯ ಪಟ್ಟಿಯನ್ನೇ ತೋಳಿಗೆ ಸುತ್ತಬೇಕು. ದೊಡ್ಡವರ ಪಟ್ಟಿ ಸುತ್ತಿದರೆ "ಮಕ್ಕಳದ್ದು ಇದೆಯಾ ಸಿಸ್ಟರ್?" ಎಂದು ವಿನಯದಿಂದ ಕೇಳಿ, ತಪ್ಪೇನಿಲ್ಲ.

ಡಾಕ್ಟರ ಮುಂದೆ

ನಿಮಗೆ ಎಲ್ಲಕ್ಕಿಂತ ಚಿಂತೆಯಿರುವ ವಿಷಯವನ್ನು ಮೊದಲೇ ಹೇಳಿ. ಬಾಗಿಲ ಹತ್ತಿರ ಹೋಗಿ ಚಪ್ಪಲಿ ಹಾಕಿಕೊಳ್ಳುವಾಗ "ಇನ್ನೊಂದ್ ವಿಷ್ಯ ಡಾಕ್ಟ್ರೇ" ಎಂದು ಶುರು ಮಾಡಿದರೆ ಅದಕ್ಕೆ ಸಮಯ ಸಿಗುವುದಿಲ್ಲ. ನೋಟ್‌ಬುಕ್ಕಿನಿಂದ ಮೂರು ವಿಷಯ ಆರಿಸಿ ಮೇಲೆ ಬರೆದುಕೊಂಡಿರಿ.

ಡಾಕ್ಟರು ಮಗುವನ್ನು ಕೇಳಿದಾಗ ಮಗುವೇ ಉತ್ತರ ಹೇಳಲಿ. ಇದು ನನಗೆ ಬಹಳ ಕಷ್ಟವಾಗಿತ್ತು. "ಎಲ್ಲಿ ನೋಯುತ್ತೆ ಪುಟ್ಟಾ?" ಎಂದು ಅವರು ಕೇಳುವಷ್ಟರಲ್ಲಿ ನನ್ನ ಬಾಯಿ ಓಡುತ್ತಿತ್ತು. ಮಗು ಬೆರಳಿಟ್ಟು ತೋರಿಸುವ ಜಾಗ ನಾವು ಅಂದುಕೊಂಡ ಜಾಗವಾಗಿರುವುದಿಲ್ಲ. ಹನ್ನೆರಡು, ಹದಿಮೂರು ವಯಸ್ಸಿನವರನ್ನು ಐದು ನಿಮಿಷ ಡಾಕ್ಟರ ಜೊತೆ ಮಾತಾಡಲು ಬಿಟ್ಟು ನೀವು ಬಾಗಿಲ ಹೊರಗೆ ಕೂರಬಹುದಾ ಎಂದು ಕೇಳಿ. ಮೈ ಪರೀಕ್ಷೆ ಇದ್ದರೆ ಮಾತ್ರ ಜೊತೆಗಿರಿ.

ರಕ್ತಪರೀಕ್ಷೆ ಎಲ್ಲ ಮಕ್ಕಳಿಗೂ ಬೇಕಾಗುವುದಿಲ್ಲ. ಹಬ್ಬದ ಆಫರ್ ಅಂತ ಐವತ್ತು, ಎಪ್ಪತ್ತು ಟೆಸ್ಟುಗಳ ಪ್ಯಾಕೇಜ್ ಮಾರುತ್ತಾರಲ್ಲ, ಡಾಕ್ಟರು ಹೇಳದೆ ಅದಕ್ಕೆ ದುಡ್ಡು ಸುರಿಯಬೇಡಿ, ಮಗುವಿಗೆ ಸುಮ್ನೆ ಸೂಜಿಯ ನೋವು. ಹಿಮೋಗ್ಲೋಬಿನ್ ನೋಡಿಸುವುದು ಮಾತ್ರ ನಮ್ಮ ಕಡೆ ಹಲವು ಮಕ್ಕಳಿಗೆ ಉಪಯೋಗದ್ದು. 5ರಿಂದ 11 ವರ್ಷದವರಲ್ಲಿ 11.5 ಗ್ರಾಂಗಿಂತ, 12ರಿಂದ 14 ವರ್ಷದವರಲ್ಲಿ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಅನ್ನುತ್ತಾರೆ. ಕಬ್ಬಿಣದ ಟಾನಿಕ್ ಬರೆದುಕೊಟ್ಟರೆ ಹಾಲಿನ ಜೊತೆ ಕೊಡಬೇಡಿ, ಟೀ ಜೊತೆಗಂತೂ ಬೇಡ. ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ನಿಂಬೆಹಣ್ಣಿನ ಪಾನಕದ ಜೊತೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಗೆ ಬಂದರೆ ಗಾಬರಿ ಬೇಡ, ಅದು ಟಾನಿಕ್‌ನಿಂದ. ರಾಗಿ, ನುಗ್ಗೆಸೊಪ್ಪು, ಹುರುಳಿ, ಮೊಟ್ಟೆ ಊಟದಲ್ಲಿರಲಿ, ಆದರೆ ಡಾಕ್ಟರು ಟಾನಿಕ್ ಹೇಳಿದ ಮೇಲೆ ಸೊಪ್ಪು ತಿನ್ನಿಸುತ್ತೇನೆ ಎಂದು ಅದನ್ನು ಬಿಡಬೇಡಿ.

ಏಳುವ ಮುಂಚೆ ಕೇಳಬೇಕಾದ್ದು: ಇವತ್ತಿನ ಎತ್ತರ ತೂಕ ಎಷ್ಟು, ಚಾರ್ಟಿನಲ್ಲಿ ಹೋದ ವರ್ಷದ ದಾರಿಯಲ್ಲೇ ಇದೆಯಾ, ಈ ಔಷಧಿ ಎಷ್ಟು ದಿನ, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು, ಮುಂದಿನ ಸಲ ಯಾವಾಗ. ಅರ್ಥವಾಗದಿದ್ದರೆ "ಇನ್ನೊಂದ್ಸಲ ಹೇಳಿ ಡಾಕ್ಟ್ರೇ" ಅನ್ನಲು ನಾಚಿಕೆ ಬೇಡ.

ಮನೆಗೆ ಬಂದ ಮೇಲೆ

ಅವತ್ತೇ ಸಂಜೆ ಅಳತೆಗಳನ್ನು ನೋಟ್‌ಬುಕ್‌ಗೆ ಬರೆಯಿರಿ, ಚೀಟಿಯ ಫೋಟೊ ತೆಗೆಯಿರಿ. ಹಾಕಿಸಿದ ಲಸಿಕೆಯನ್ನು ತಾಯಿ ಕಾರ್ಡಿನಲ್ಲಿ ತಾರೀಕು ಸಮೇತ ಬರೆಸಿಕೊಂಡಿದ್ದೀರಾ ನೋಡಿ. ಕಣ್ಣಿನ, ಹಲ್ಲಿನ ಡಾಕ್ಟರಿಗೆ ತೋರಿಸಿ ಅಂದಿದ್ದರೆ ಅದೇ ವಾರ ಫೋನ್ ಮಾಡಿ. ತಡ ಮಾಡಿದರೆ ಮುಂದಿನ ವರ್ಷದ ಚೆಕಪ್ ಬಂದುಬಿಡುತ್ತದೆ, ಚೀಟಿ ಅಲ್ಲೇ ಇರುತ್ತದೆ.

ಶಾಲೆಗೂ ತಿಳಿಸಿ. ಕನ್ನಡಕ ಬಂದಿದ್ದರೆ ಮುಂದಿನ ಬೆಂಚಿನಲ್ಲಿ ಕೂರಿಸಲು ಕೇಳಿಕೊಳ್ಳಿ, ಆಟದ ಪೀರಿಯಡ್‌ನಲ್ಲಿ ತೆಗೆಯಬೇಕಾ ಹಾಕಬೇಕಾ ಎಂದು ಹೇಳಿ. ಅಸ್ತಮಾ ಇದ್ದರೆ ಇನ್ಹೇಲರ್ ಬ್ಯಾಗಿನ ಯಾವ ಖಾನೆಯಲ್ಲಿದೆ ಎಂದು ಕ್ಲಾಸ್ ಟೀಚರಿಗೂ ಪಿಟಿ ಮಾಸ್ತರಿಗೂ ಗೊತ್ತಿರಲಿ. ಒಂದು ಚೀಟಿಯಲ್ಲಿ ಎರಡು ಸಾಲು ಬರೆದು, ನಿಮ್ಮ ಫೋನ್ ನಂಬರ್ ಹಾಕಿ ಕೊಟ್ಟುಬಿಡಿ. ನಾನು ಮಗಳ ಕನ್ನಡಕದ ಚೀಟಿ ಕೊಟ್ಟ ದಿನ ಟೀಚರು ಅದನ್ನು ಓದಿ, ಅವಳನ್ನು ಹತ್ತಿರ ಕರೆದು ಬೆನ್ನು ಸವರಿದರಂತೆ. ಸಂಜೆ ಬಂದವಳು ಬೋರ್ಡಿನಲ್ಲಿ ಬರೆದಿದ್ದ ತಾರೀಕಿನಿಂದ ಹಿಡಿದು ಎಲ್ಲವನ್ನೂ ಬರೆದಿದ್ದ ನೋಟ್‌ಬುಕ್ ತೆಗೆದು ನನ್ನ ಮುಂದೆ ಇಟ್ಟಳು.